ಆಸ್ಪತ್ರೆ ರೇಡಿಯೊ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಒಂದು ಊರಿನ ಆಸ್ಪತ್ರೆಯೊಳಗೆ, ಲಾಂಡ್ರಿ ಕೋಣೆಯ ಪಕ್ಕದ ಸಣ್ಣ ಸ್ಟುಡಿಯೊದಿಂದ ನಡೆಯುವ ರೇಡಿಯೊ ಕೇಂದ್ರದಲ್ಲಿ ನಾನು ಹಲವು ವರ್ಷಗಳಿಂದ ಪ್ರತಿ ಬುಧವಾರ ಸಂಜೆ ಸಂಬಳವಿಲ್ಲದೆ ಕೆಲಸ ಮಾಡುತ್ತಿದ್ದೇನೆ. ರಜೆಗೆ ಊರಿಗೆ ಹೋದಾಗ ನೆಂಟರು ಕೇಳಿದ, ಇಲ್ಲಿನ ಕನ್ನಡಿಗ ಗೆಳೆಯರು ಪತ್ರಗಳಲ್ಲಿ ಕೇಳಿದ, ಹೊಸದಾಗಿ ಸೇರಿದವರು ಮೊದಲ ವಾರದಲ್ಲೇ ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟುಕೊಂಡು ಉತ್ತರ ಬರೆದಿದ್ದೇನೆ.

## ಮೊದಲು ಕೇಳುವವು

ಆಸ್ಪತ್ರೆಗೂ ಒಂದು ರೇಡಿಯೊ ಕೇಂದ್ರವೇ? ಹಾಗೆಂದರೇನು?

ಒಂದು ಆಸ್ಪತ್ರೆಯ ಅಥವಾ ಒಂದೇ ಊರಿನ ಕೆಲವು ಆಸ್ಪತ್ರೆಗಳ ರೋಗಿಗಳಿಗಾಗಿ ಮಾತ್ರ ಕಾರ್ಯಕ್ರಮ ನಡೆಸುವ ಕೇಂದ್ರವನ್ನು ಆಸ್ಪತ್ರೆ ರೇಡಿಯೊ ಎನ್ನುತ್ತಾರೆ. ವಾರ್ಡಿನ ಗೋಡೆಗೆ ಹಾಕಿದ ಕರೆಗಂಟೆ ಹೇಗೋ ಹಾಗೆ ಹಾಸಿಗೆಯ ತಲೆದೆಸೆಯಲ್ಲಿ ಹೆಡ್‌ಫೋನ್ ತೂಗುಹಾಕಿರುತ್ತಿದ್ದ ಕಾಲವೊಂದಿತ್ತು. ಈಗ ಅದೇ ಕಾರ್ಯಕ್ರಮವನ್ನು ಮೊಬೈಲಿನಲ್ಲೂ ಕೇಳಬಹುದು. ಬ್ರಿಟನ್ನಿನಲ್ಲಿ ಇಂಥ ಕೇಂದ್ರಗಳು ದೇಶದ ಉದ್ದಗಲಕ್ಕೂ ಇವೆ. ನೆದರ್‌ಲ್ಯಾಂಡ್ಸ್‌ನಲ್ಲಿಯೂ ಇದೇ ಬಗೆಯ ಸಂಪ್ರದಾಯ ಬೆಳೆದಿದೆ. ಆಸ್ಪತ್ರೆಯ ಪ್ರಕಟಣೆಗಳನ್ನು ಬಿತ್ತರಿಸುವ ಧ್ವನಿವರ್ಧಕ ವ್ಯವಸ್ಥೆಗೂ ಇದಕ್ಕೂ ಸಂಬಂಧವಿಲ್ಲ. ವೈದ್ಯರನ್ನು ಕರೆಯುವುದಕ್ಕಾಗಲಿ ಔಷಧದ ವೇಳೆಯನ್ನು ನೆನಪಿಸುವುದಕ್ಕಾಗಲಿ ಯಾರೂ ನಮ್ಮನ್ನು ಕೇಳುವುದಿಲ್ಲ, ಕೇಳಲೂಬಾರದು.

ಸಂಬಳ ಇಲ್ಲವೆಂದಮೇಲೆ ನಡೆಸುವವರು ಯಾರು? ದುಡ್ಡು ಎಲ್ಲಿಂದ ಬರುತ್ತದೆ?

ನಡೆಸುವವರು ಊರಿನ ಜನರೇ. ನಮ್ಮಲ್ಲಿ ನಿವೃತ್ತ ಶಾಲಾ ಶಿಕ್ಷಕಿ, ಬಸ್ ಚಾಲಕ, ವಿದ್ಯಾರ್ಥಿಗಳು, ಗಂಡ ತೀರಿಕೊಂಡ ಮೇಲೆ ಅವರಿದ್ದ ವಾರ್ಡಿಗೇ ಸೇವೆ ಮಾಡಬೇಕೆಂದು ಬಂದ ಒಬ್ಬ ಅಜ್ಜಿ, ಎಲ್ಲರೂ ಇದ್ದಾರೆ. ಬಹುತೇಕ ಕೇಂದ್ರಗಳು ದತ್ತಿ ಸಂಸ್ಥೆಗಳಾಗಿ ನೋಂದಾಯಿಸಿಕೊಂಡಿದ್ದು, ಲೆಕ್ಕಪತ್ರವನ್ನು ಪ್ರತಿ ವರ್ಷ ಒಪ್ಪಿಸಬೇಕಾಗುತ್ತದೆ. ಆಸ್ಪತ್ರೆ ಜಾಗವನ್ನೂ ವಿದ್ಯುತ್ತನ್ನೂ ಕೊಡುವುದು ವಾಡಿಕೆ. ಉಳಿದ ಖರ್ಚಿಗೆ ಸೂಪರ್‌ಮಾರ್ಕೆಟ್ ಬಾಗಿಲಲ್ಲಿ ಡಬ್ಬಿ ಹಿಡಿದು ನಿಲ್ಲುತ್ತೇವೆ, ಲಾಟರಿ ಚೀಟಿ ಮಾರುತ್ತೇವೆ, ಹಳೆಯ ಪುಸ್ತಕಗಳ ಮಾರಾಟ ನಡೆಸುತ್ತೇವೆ. ಹೊಸಬರಿಗೆ ಮೈಕಿನ ಮುಂದೆ ಕೂರುವ ಆಸೆ ಇರುತ್ತದೆ, ಆದರೆ ಮೊದಲ ಆರು ತಿಂಗಳು ಹೆಚ್ಚಾಗಿ ಸಿಗುವುದು ಆ ಡಬ್ಬಿಯೇ.

ಅಲ್ಲಿ ಹೋಗಿ ನೀವು ಮಾಡುವುದಾದರೂ ಏನು? ಹಾಡು ಹಾಕುವುದಷ್ಟೇ ತಾನೆ?

ಹಾಡು ಹಾಕುವುದು ಕೆಲಸದ ಕೊನೆಯ ಭಾಗ. ಸಂಜೆ ಆರರ ಹೊತ್ತಿಗೆ, ಊಟದ ತಟ್ಟೆಗಳನ್ನು ತೆಗೆದ ಮೇಲೆ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಕೈ ತೊಳೆದುಕೊಂಡು ವಾರ್ಡಿಗೆ ಹೋಗುತ್ತೇವೆ. ಮೊದಲು ನರ್ಸ್ ಹತ್ತಿರ ಯಾರ ಬಳಿ ಹೋಗಬಹುದು, ಯಾರ ಬಳಿ ಬೇಡ ಎಂದು ಕೇಳಿಕೊಳ್ಳಬೇಕು. ಆಮೇಲೆ ಒಂದೊಂದೇ ಹಾಸಿಗೆಯ ಪಕ್ಕ ನಿಂತು, ನಿಮಗೆ ಯಾವುದಾದರೂ ಹಾಡು ಕೇಳಬೇಕೆನಿಸುತ್ತದೆಯೇ ಎಂದು ವಿಚಾರಿಸಿ, ಅಂಗೈಯಷ್ಟು ಹಳದಿ ಚೀಟಿಯಲ್ಲಿ ಹೆಸರು, ವಾರ್ಡು, ಹಾಡು, ಯಾರಿಗೆ ಅರ್ಪಣೆ ಎಂಬಷ್ಟನ್ನು ಬರೆದುಕೊಳ್ಳುತ್ತೇವೆ. ಎಂಟು ಗಂಟೆಗೆ ಕೋರಿಕೆಯ ಕಾರ್ಯಕ್ರಮ ಶುರು.

ಮೂಳೆ ಚಿಕಿತ್ಸೆಯ ವಾರ್ಡಿನಲ್ಲಿ ಒಮ್ಮೆ ಒಬ್ಬ ಮುದುಕರು, "ನನಗೇನೂ ಬೇಡ, ಬೇರೆಯವರನ್ನು ಕೇಳು" ಎಂದು ಮುಖ ತಿರುಗಿಸಿದರು. ನಾನು ಎರಡು ಹಾಸಿಗೆ ದಾಟುವಷ್ಟರಲ್ಲಿ ಹಿಂದಕ್ಕೆ ಕರೆದು, ತಾವು ಗಣಿಯಲ್ಲಿ ಕೆಲಸ ಮಾಡುತ್ತಿದ್ದಾಗ ಅಲ್ಲಿನ ಹಿತ್ತಾಳೆ ವಾದ್ಯಮೇಳದಲ್ಲಿ ಕಾರ್ನೆಟ್ ಊದುತ್ತಿದ್ದುದನ್ನು ಹೇಳಲು ತೊಡಗಿದವರು ಇಪ್ಪತ್ತು ನಿಮಿಷ ಮಾತಾಡಿದರು. ಹಾಡಿನ ಹೆಸರು ಕೊನೆಗೂ ಹೇಳಲಿಲ್ಲ. ಚೀಟಿಯಲ್ಲಿ "ಯಾವುದಾದರೂ ಬ್ರಾಸ್ ಬ್ಯಾಂಡ್" ಎಂದಷ್ಟೇ ಬರೆದುಕೊಂಡೆ. ನನ್ನ ಮಟ್ಟಿಗೆ ಆಸ್ಪತ್ರೆ ರೇಡಿಯೊ ಎಂದರೆ ಆ ಇಪ್ಪತ್ತು ನಿಮಿಷ. ಮುಂದೆ ತಂತ್ರಜ್ಞಾನದ ಬಗ್ಗೆ ಏನೇ ಬರೆದಿದ್ದರೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕು.

## ಹಿಂದಿನ ಕಥೆ

ಇದು ಶುರುವಾದದ್ದು ಎಲ್ಲಿ, ಯಾವಾಗ?

ದಾಖಲೆಗಳಲ್ಲಿ ಮೊದಲು ಕಾಣುವುದು ಅಮೆರಿಕದ ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆ. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗಾಗಿ 1919ರಲ್ಲಿ ಅಲ್ಲಿ ರೇಡಿಯೊ ವ್ಯವಸ್ಥೆಯನ್ನು ಅಳವಡಿಸಲಾಯಿತು. ಬ್ರಿಟನ್ನಿನಲ್ಲಿ ಆ ಗೌರವ ಯಾರ್ಕ್ ಕೌಂಟಿ ಆಸ್ಪತ್ರೆಗೆ ಸಲ್ಲುತ್ತದೆ. 1925ರಲ್ಲಿ ಅಲ್ಲಿನ ಇನ್ನೂರು ಹಾಸಿಗೆಗಳಿಗೆ ಹೆಡ್‌ಫೋನನ್ನೂ ಉಳಿದ ಕಡೆ ಧ್ವನಿವರ್ಧಕಗಳನ್ನೂ ಜೋಡಿಸಿದರು. ಆಗ ಬಿಬಿಸಿ ಶುರುವಾಗಿ ಸುಮಾರು ಮೂರು ವರ್ಷವಷ್ಟೇ ಆಗಿತ್ತು, ಮನೆಗಳಲ್ಲಿ ರೇಡಿಯೊ ಪೆಟ್ಟಿಗೆ ಇರುವುದೇ ದೊಡ್ಡ ಸಂಗತಿಯಾಗಿತ್ತು ಎಂಬುದನ್ನು ನೆನೆದರೆ ಇದು ಎಷ್ಟು ಮುಂದಿನ ಯೋಚನೆ ಎಂಬುದು ತಿಳಿಯುತ್ತದೆ. ಚರ್ಚಿನ ಪ್ರಾರ್ಥನೆಯೂ ಆಟದ ವೀಕ್ಷಕ ವಿವರಣೆಯೂ ಆ ತಂತಿಗಳ ಮೂಲಕ ವಾರ್ಡುಗಳನ್ನು ಮುಟ್ಟುತ್ತಿದ್ದವು.

ಫುಟ್‌ಬಾಲಿಗೂ ಆಸ್ಪತ್ರೆಗೂ ಎತ್ತಣಿಂದೆತ್ತ ಸಂಬಂಧ?

ಬ್ರಿಟನ್ನಿನ ಹಲವು ಹಳೆಯ ಕೇಂದ್ರಗಳು ಹುಟ್ಟಿದ್ದು ಹಾಡಿನಿಂದಲ್ಲ, ಫುಟ್‌ಬಾಲ್ ಮೈದಾನದಿಂದ. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದ ಮೇಲಿನ ವರ್ಷಗಳಲ್ಲಿ ಆಸ್ಪತ್ರೆ ಸೇರುವುದೆಂದರೆ ವಾರಗಟ್ಟಲೆ ಮಲಗುವುದೆಂದೇ ಅರ್ಥವಾಗಿತ್ತು. ಕ್ಷಯದವರು ತಿಂಗಳುಗಟ್ಟಲೆ ಇರುತ್ತಿದ್ದರು. ಭೇಟಿಯ ಸಮಯ ಬಹಳ ಬಿಗಿಯಾಗಿತ್ತು. ಶನಿವಾರ ಮಧ್ಯಾಹ್ನ ಊರಿಗೆ ಊರೇ ಮೈದಾನದಲ್ಲಿ ಸೇರಿರುವಾಗ, ಅಲ್ಲಿನ ಕೂಗು ಕಿಟಕಿಯಿಂದ ಕೇಳಿಸುವಷ್ಟು ಹತ್ತಿರದ ವಾರ್ಡಿನಲ್ಲಿ ಮಲಗಿದವನಿಗೆ ಗೋಲು ಹೊಡೆದವರು ಯಾರೆಂದು ತಿಳಿಯುತ್ತಿರಲಿಲ್ಲ. ಬಿಬಿಸಿ ದೇಶಕ್ಕೆಲ್ಲ ಒಂದು ಪಂದ್ಯ ಕೇಳಿಸಿದರೆ, ಅದು ನಿಮ್ಮ ಊರಿನ ತಂಡದ್ದೇ ಆಗಿರಬೇಕೆಂದೇನೂ ಇರಲಿಲ್ಲ.

ಹಾಗಾಗಿ ಊರಿನ ಸೇವಾ ಸಂಘಗಳ ಉತ್ಸಾಹಿಗಳು ಮೈದಾನದಲ್ಲಿ ಒಂದು ಮೈಕ್ ಇಟ್ಟು, ಅಂಚೆ ಇಲಾಖೆಯ ಟೆಲಿಫೋನ್ ತಂತಿಯನ್ನು ಬಾಡಿಗೆಗೆ ಹಿಡಿದು, ಆಟವನ್ನು ಕಣ್ಣಿಗೆ ಕಟ್ಟುವಂತೆ ವಿವರಿಸುತ್ತ ನೇರವಾಗಿ ವಾರ್ಡುಗಳಿಗೆ ಕಳಿಸಿದರು. ನ್ಯೂಕಾಸಲ್‌ನ ರೇಡಿಯೊ ಟೈನ್‌ಸೈಡ್ 1951ರಲ್ಲಿ ಶುರುವಾದದ್ದು ಹೀಗೆ. ಪೋರ್ಟ್ಸ್‌ಮತ್, ಸೌತಾಂಪ್ಟನ್ ಊರುಗಳ ಕೇಂದ್ರಗಳ ಬೇರೂ ಅದೇ ಕಾಲದ ಮೈದಾನಗಳಲ್ಲಿದೆ. ಪಂದ್ಯವಿಲ್ಲದ ದಿನಗಳಲ್ಲಿ ತಂತಿ ಸುಮ್ಮನೆ ಬಿದ್ದಿರುತ್ತಿತ್ತಲ್ಲ, ಅದರಲ್ಲಿ ಗ್ರಾಮಫೋನ್ ತಟ್ಟೆ ಹಾಕೋಣವೆಂಬ ಯೋಚನೆ ಹೊಳೆದದ್ದು ಆಮೇಲೆ. ಈ ವಿವರಣೆಗಾರರಿಂದ ಇನ್ನೊಂದು ಉಪಕಾರವೂ ಆಯಿತು: ನೋಡಲಾಗದವರಿಗಾಗಿ ಹೇಳುವ ಅಭ್ಯಾಸ ಅವರಿಗಿದ್ದುದರಿಂದ, ಮೈದಾನಕ್ಕೇ ಬರುವ ಅಂಧ ಅಭಿಮಾನಿಗಳಿಗೂ ಹಲವೆಡೆ ಹೆಡ್‌ಫೋನ್ ಕೊಟ್ಟು ಇದೇ ವಿವರಣೆಯನ್ನು ಕೇಳಿಸಲಾಯಿತು.

ಬಿಬಿಸಿಯಂಥ ಸಂಸ್ಥೆ ಇರುವಾಗ ಊರೂರಿಗೆ ಇಂಥವು ಹುಟ್ಟಿಕೊಂಡದ್ದೇಕೆ?

ಕಾರಣಗಳು ಎರಡು, ಒಂದನ್ನು ಮಾತ್ರ ಎಲ್ಲರೂ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳುವ ಕಾರಣ ರೋಗಿಯ ಒಂಟಿತನ. ಇನ್ನೊಂದು, ರೇಡಿಯೊ ಹುಚ್ಚು ಹಿಡಿದ ಯುವಕರಿಗೆ ಬೇರೆ ಬಾಗಿಲೇ ಇರಲಿಲ್ಲವೆಂಬುದು. ಬಿಬಿಸಿಯ ಮೊದಲ ಸ್ಥಳೀಯ ಕೇಂದ್ರ ಲೆಸ್ಟರಿನಲ್ಲಿ ತೆರೆದದ್ದು 1967ರ ನವೆಂಬರಿನಲ್ಲಿ. ಕಾನೂನುಬದ್ಧವಾದ ಖಾಸಗಿ ರೇಡಿಯೊ ಲಂಡನ್ನಿನಲ್ಲಿ ಶುರುವಾದದ್ದು 1973ರ ಅಕ್ಟೋಬರಿನಲ್ಲಿ. 1964ರಿಂದ ಸಮುದ್ರದಲ್ಲಿ ಹಡಗು ನಿಲ್ಲಿಸಿ ಪರವಾನಗಿಯಿಲ್ಲದೆ ಪಾಪ್ ಸಂಗೀತ ಬಿತ್ತರಿಸುತ್ತಿದ್ದ ರೇಡಿಯೊ ಕ್ಯಾರೊಲೈನ್‌ನಂಥವುಗಳನ್ನು ಕೇಳಿ ಬೆಳೆದ ಹುಡುಗನಿಗೆ ತಾನೂ ಮೈಕಿನ ಮುಂದೆ ಕೂರಬೇಕೆನಿಸಿದರೆ, ಜೈಲಿಗೆ ಹೋಗದೆ ಕಲಿಯಲು ಇದ್ದ ಕೆಲವೇ ಜಾಗಗಳಲ್ಲಿ ಆಸ್ಪತ್ರೆಯ ನೆಲಮಾಳಿಗೆ ಒಂದಾಗಿತ್ತು. ತಂತಿಯೊಳಗೇ ಹರಿಯುವ ಕಾರ್ಯಕ್ರಮಕ್ಕೆ ಆಗಸದ ತರಂಗದ ಪರವಾನಗಿ ಬೇಕಾಗುತ್ತಿರಲಿಲ್ಲ.

ಅರವತ್ತರ, ಎಪ್ಪತ್ತರ ದಶಕಗಳಲ್ಲಿ ಕೇಂದ್ರಗಳ ಸಂಖ್ಯೆ ಏರಿದ್ದಕ್ಕೆ ಸೇವಾಭಾವದಷ್ಟೇ ಈ ಹುಚ್ಚೂ ಕಾರಣವೆಂದು ನನ್ನ ಎಣಿಕೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಕಾಣುವುದಿಲ್ಲ. ನಮ್ಮಲ್ಲಿಯೂ 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಸಣ್ಣ ಪ್ರೇಷಕವನ್ನಿಟ್ಟು "ಆಕಾಶವಾಣಿ"ಯನ್ನು ಶುರುಮಾಡಿದ್ದು ಇಂಥದೇ ಒಂದು ಹುಚ್ಚಿನಿಂದಲ್ಲವೇ? ಬ್ರಿಟನ್ನಿನ ಕೇಂದ್ರಗಳು ಹೆಚ್ಚಿದಂತೆ ಅವುಗಳಿಗೊಂದು ರಾಷ್ಟ್ರಮಟ್ಟದ ಒಕ್ಕೂಟ ಬೇಕಾಗಿ, 1970ರಲ್ಲಿ ಅದು ಹುಟ್ಟಿತು; ಮುಂದೆ ಹಾಸ್ಪಿಟಲ್ ಬ್ರಾಡ್‌ಕಾಸ್ಟಿಂಗ್ ಅಸೋಸಿಯೇಷನ್ ಎಂಬ ಹೆಸರು ಪಡೆಯಿತು.

ಮಕ್ಕಳ ವಾರ್ಡಿಗೆ ಬೇರೆಯದೇ ರೇಡಿಯೊ ಇದೆಯಂತೆ, ಹೌದೇ?

ಹೌದು, ಅದರ ಹೆಸರು ರೇಡಿಯೊ ಲಾಲಿಪಾಪ್. ಲಂಡನ್ನಿನ ದಕ್ಷಿಣಕ್ಕಿರುವ ಕಾರ್ಶಾಲ್ಟನ್ ಎಂಬಲ್ಲಿ ಕ್ವೀನ್ ಮೇರಿ ಮಕ್ಕಳ ಆಸ್ಪತ್ರೆ ಇತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಅಲ್ಲಿ ಹುಟ್ಟಿದ ಈ ಸಂಸ್ಥೆ ಇಂದು ಆಸ್ಟ್ರೇಲಿಯ, ನ್ಯೂಜಿಲೆಂಡ್, ಅಮೆರಿಕಗಳ ಮಕ್ಕಳ ಆಸ್ಪತ್ರೆಗಳಲ್ಲೂ ಇದೆ. ಸ್ವಯಂಸೇವಕರಲ್ಲಿ ಹೆಚ್ಚಿನವರು ಸ್ಟುಡಿಯೊದಲ್ಲಿ ಇರುವುದೇ ಇಲ್ಲ. ಬಣ್ಣದ ಕಾಗದ, ಅಂಟು, ಕತ್ತರಿ ಹಿಡಿದು ಹಾಸಿಗೆಯ ಮೇಲೆಯೇ ಮಗುವಿನ ಜೊತೆ ಆಟಕ್ಕೆ ಕೂರುತ್ತಾರೆ. ಮುಂದಿನ ಹಾಡು ಯಾವುದೆಂದು ನಿರ್ಧರಿಸುವುದು ಮಗು. ಇದರಲ್ಲಿ ಒಂದು ಸೂಕ್ಷ್ಮವಿದೆ: ಸೂಜಿ, ಔಷಧ, ನಿದ್ದೆ, ಊಟ ಎಲ್ಲವನ್ನೂ ದೊಡ್ಡವರೇ ತೀರ್ಮಾನಿಸುವ ಜಾಗದಲ್ಲಿ ಆ ಮಗುವಿಗೆ "ಬೇಡ" ಎನ್ನಲು ಸಿಗುವ ಒಂದೇ ಅವಕಾಶ ಈ ಹಾಡು. ಸರ್ಕಾರಿ ಸಮಿತಿಯೊಂದರ 1959ರ ಪ್ಲ್ಯಾಟ್ ವರದಿ ಮಕ್ಕಳ ವಾರ್ಡಿಗೆ ತಂದೆತಾಯಿ ಬೇಕಾದಾಗ ಬರಲು ಬಿಡಬೇಕೆಂದು ಸಲಹೆ ಮಾಡುವವರೆಗೆ ಎಷ್ಟೋ ಆಸ್ಪತ್ರೆಗಳಲ್ಲಿ ಮಕ್ಕಳು ವಾರಕ್ಕೆ ಕೆಲವೇ ಗಂಟೆ ತಾಯಿಯ ಮುಖ ನೋಡುತ್ತಿದ್ದರು.

ಇಲ್ಲಿಂದ ಹೊರಟು ಹೆಸರು ಮಾಡಿದವರು ಇದ್ದಾರೆಯೇ?

ಇದ್ದಾರೆ. ಬಿಬಿಸಿ ರೇಡಿಯೊ 2ರಲ್ಲಿ ದಶಕಗಳ ಕಾಲ ಬೆಳಗಿನ ಕಾರ್ಯಕ್ರಮ ನಡೆಸಿದ ಕೆನ್ ಬ್ರೂಸ್ ಮೊದಲು ಮಾತಾಡಿದ್ದು ಗ್ಲಾಸ್ಗೊ ಆಸ್ಪತ್ರೆಗಳ ಪ್ರಸಾರ ಸೇವೆಯಲ್ಲಿ. ಅಂಥವರು ಇನ್ನೂ ಹಲವರಿದ್ದಾರೆ. ಆದರೆ ಇದನ್ನೇ ಮುಂದಿಟ್ಟುಕೊಂಡು ಸೇರಲು ಬರುವವರನ್ನು ನಾವು ಮೊದಲು ವಾರ್ಡಿಗೆ ಕಳಿಸುತ್ತೇವೆ. ಅರ್ಧ ಮಂದಿ ಮರುವಾರ ಬರುವುದಿಲ್ಲ.

## ತಂತಿ, ತರಂಗ, ಕಾನೂನು

ಟವರಿಲ್ಲದೆ, ಆಂಟೆನಾ ಇಲ್ಲದೆ ಪ್ರಸಾರ ಆಗುವುದು ಹೇಗೆ?

ಬಹುಕಾಲದ ಉತ್ತರ: ತಂತಿ. ಸ್ಟುಡಿಯೊದಿಂದ ಹೊರಟ ಧ್ವನಿ ಒಂದು ಆಂಪ್ಲಿಫೈಯರ್ ಮೂಲಕ ಕಟ್ಟಡದ ಗೋಡೆಗಳೊಳಗಿನ ತಂತಿಗಳಲ್ಲಿ ಹರಿದು ಪ್ರತಿ ಹಾಸಿಗೆಯ ಗುಂಡಿಪೆಟ್ಟಿಗೆಗೆ ತಲುಪುತ್ತಿತ್ತು. ಆ ಪೆಟ್ಟಿಗೆಯ ತಿರುಗುಗುಂಡಿಯಲ್ಲಿ ಬಿಬಿಸಿಯ ವಾಹಿನಿಗಳ ಜೊತೆಗೆ ಒಂದು ಸ್ಥಾನ ನಮ್ಮದು. ಊರಿನ ಬೇರೆ ಆಸ್ಪತ್ರೆಗಳಿಗೂ ಕೇಳಿಸಬೇಕೆಂದರೆ ಟೆಲಿಫೋನ್ ಇಲಾಖೆಯಿಂದ ತಂತಿ ಬಾಡಿಗೆಗೆ ಪಡೆಯಬೇಕಿತ್ತು. ವಾರ್ಷಿಕ ಬಾಡಿಗೆಯ ಬಿಲ್ಲು ಬಂದ ತಿಂಗಳು ಖಜಾಂಚಿ ಯಾರೊಡನೆಯೂ ಸರಿಯಾಗಿ ಮಾತಾಡುತ್ತಿರಲಿಲ್ಲವೆಂದು ಹಳಬರು ನಗುತ್ತಾರೆ.

ತಂತಿಯ ಕಷ್ಟ ತಂತಿಯೇ. ವಾರ್ಡಿಗೆ ಬಣ್ಣ ಹೊಡೆಯಲು ಬಂದವರು ಅದನ್ನು ಕತ್ತರಿಸಿ ಹೋಗುತ್ತಾರೆ, ಹೆಡ್‌ಫೋನ್ ಕಳೆದುಹೋಗುತ್ತದೆ, ಒಂದು ಇಡೀ ವಾರ್ಡಿಗೆ ತಿಂಗಳಿಂದ ಏನೂ ಕೇಳಿಸುತ್ತಿಲ್ಲವೆಂಬುದು ನಮಗೆ ಗೊತ್ತಾಗುವುದು ಯಾರಾದರೂ ಅಲ್ಲಿಗೆ ಹೋಗಿ ಕೇಳಿದಾಗ ಮಾತ್ರ. 1990ರ ಪ್ರಸಾರ ಕಾಯ್ದೆಯ ನಂತರ ಸೀಮಿತ ಸೇವೆಯ ಪರವಾನಗಿ ಎಂಬುದು ಬಂದು, ಆಸ್ಪತ್ರೆ ಆವರಣಕ್ಕಷ್ಟೇ ಸಾಕಾಗುವಂತೆ ಸುಮಾರು ಒಂದು ವ್ಯಾಟ್ ಶಕ್ತಿಯ ಮೀಡಿಯಂ ವೇವ್ ಪ್ರಸಾರಕ್ಕೆ ಹಲವು ಕೇಂದ್ರಗಳಿಗೆ ದಾರಿಯಾಯಿತು. ಕೆಲವಕ್ಕೆ ಆಮೇಲೆ ಎಫ್‌ಎಂ ಕೂಡ ಸಿಕ್ಕಿತು. ತಂತಿಯಲ್ಲಿ ಹುಟ್ಟಿದ ರೇಡಿಯೊ ಟೈನ್‌ಸೈಡ್ ಈಗ 93.6 ಎಫ್‌ಎಂನಲ್ಲಿದೆ. 2003ರ ಕೊನೆಯಿಂದ ಈ ಪರವಾನಗಿಗಳನ್ನು ಕೊಡುವುದು ಬ್ರಿಟನ್ನಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್. ಇವುಗಳ ಮೇಲೆ ಅಂತರಜಾಲದ ಪ್ರಸಾರ ಬಂದು ಕುಳಿತಿದೆ.

ಹಾಸಿಗೆಗೊಂದು ಟಿವಿ ಬಂದಮೇಲೆ ಕಥೆ ಮುಗಿಯಿತಲ್ಲವೇ?

ಮುಗಿಯಲಿಲ್ಲ, ಆದರೆ ಅದಕ್ಕಿಂತ ವಿಚಿತ್ರವಾದದ್ದು ನಡೆಯಿತು. 2000ದ ಸುಮಾರಿನಲ್ಲಿ ಸರ್ಕಾರದ ಯೋಜನೆಯಡಿ ಖಾಸಗಿ ಕಂಪನಿಗಳು ಹಾಸಿಗೆಯ ಮೇಲೆ ಮಡಚುವ ತೋಳಿಗೆ ಟಿವಿಯನ್ನೂ ಫೋನನ್ನೂ ಕಟ್ಟಿ ಬಾಡಿಗೆಗೆ ಕೊಡತೊಡಗಿದವು. ಟಿವಿಗೆ ದಿನದ ಬಾಡಿಗೆ. ರೋಗಿಗೆ ಹೊರಗಿನಿಂದ ಫೋನ್ ಮಾಡುವ ಮನೆಯವರಿಗೆ ನಿಮಿಷಕ್ಕೆ 49 ಪೆನ್ಸ್‌ವರೆಗೆ. ಈ ದರದ ಬಗ್ಗೆ ಗಲಾಟೆಯಾಗಿ ಆಫ್‌ಕಾಮ್ ವಿಚಾರಣೆ ನಡೆಸಿತು. ಅದೇ ಯಂತ್ರದಲ್ಲಿ ರೇಡಿಯೊ ಉಚಿತವಾಗಿತ್ತು, ನಮ್ಮ ಕೇಂದ್ರವೂ ಅದರೊಳಗಿತ್ತು. ಆದರೆ ಪರದೆಯಲ್ಲಿ ನಾಲ್ಕಾರು ಗುಂಡಿ ಒತ್ತಿದ ಮೇಲೆ ಮಾತ್ರ ಸಿಗುವ ಉಚಿತವನ್ನು ಎಂಬತ್ತು ದಾಟಿದವರು ಹುಡುಕಿಕೊಳ್ಳುವುದು ಹೇಗೆ? ಹಳೆಯ ತಿರುಗುಗುಂಡಿಯನ್ನು ಕಣ್ಣುಮುಚ್ಚಿ ತಿರುಗಿಸುತ್ತಿದ್ದರು.

ಆ ದಿನಗಳಲ್ಲಿ ನಮ್ಮ ಕೋರಿಕೆಯ ಚೀಟಿಗಳಲ್ಲಿ ಅರ್ಧಕ್ಕರ್ಧ ಕಡಿಮೆಯಾದವು. ಉಳಿದವು ಬಂದದ್ದು ಸ್ವಯಂಸೇವಕರು ನಿಂತು ಗುಂಡಿ ಒತ್ತಿ ತೋರಿಸಿಕೊಟ್ಟ ವಾರ್ಡುಗಳಿಂದ.

ಯಾವ ಹಾಡು ಕೇಳಿದರೂ ಹಾಕುತ್ತೀರಾ? ನಿಯಮ ಗಿಯಮ ಏನಾದರೂ ಇದೆಯೇ?

ಕಾನೂನಿನ ಕಡೆಯಿಂದ, ಹಾಡು ಬರೆದವರ ಪರವಾಗಿ ಪಿಆರ್‌ಎಸ್ ಮತ್ತು ಧ್ವನಿಮುದ್ರಿಸಿದವರ ಪರವಾಗಿ ಪಿಪಿಎಲ್ ಎಂಬ ಸಂಸ್ಥೆಗಳಿಂದ ಅನುಮತಿ ಇರಬೇಕು. ಸೇವೆ ಎಂಬ ಕಾರಣಕ್ಕೆ ಹಕ್ಕುಸ್ವಾಮ್ಯ ಕರಗಿಹೋಗುವುದಿಲ್ಲ. ಕಾನೂನಿಗಿಂತ ಕಠಿಣವಾದದ್ದು ನಮ್ಮದೇ ಕಟ್ಟುಪಾಡು. ಸಾವು, ಸಮಾಧಿ, ಕೊನೆಯ ವಿದಾಯ ಎಂಬ ಅರ್ಥ ಬರುವ ಹಾಡುಗಳನ್ನು, ಎಷ್ಟೇ ಜನಪ್ರಿಯವಾಗಿರಲಿ, ಹಾಕುವ ಮುನ್ನ ಎರಡು ಸಲ ಯೋಚಿಸುತ್ತೇವೆ. ರೋಗದ ಹೆಸರು ಹೇಳುವಂತಿಲ್ಲ. ಪೂರ್ಣ ಹೆಸರು ಹೇಳುವಂತಿಲ್ಲ. "ಬೇಗ ಮನೆಗೆ ಹೋಗಿ" ಎಂದು ಹಾರೈಸುವಂತಿಲ್ಲ, ಏಕೆಂದರೆ ಕೇಳುತ್ತಿರುವವರೆಲ್ಲರೂ ಮನೆಗೆ ಹೋಗುವವರಲ್ಲ.

ಇನ್ನೊಂದು ನಿಯಮವನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆ. ಸೇರಿದ ಮೊದಲ ವರ್ಷ, ಆರು ಗಂಟೆಗೆ ಬರೆದುಕೊಂಡ ಚೀಟಿಯೊಂದನ್ನು ಒಂಬತ್ತಕ್ಕೆ ಓದಿ ಹಾಡು ಹಾಕಿದೆ. ಆ ನಡುವೆ ಚೀಟಿ ಬರೆಸಿದ ರೋಗಿ ತೀರಿಕೊಂಡಿದ್ದರು. ಪಕ್ಕದ ಹಾಸಿಗೆಯವರು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದರೆಂದು ಮರುದಿನ ನರ್ಸ್ ಹೇಳಿದರು. ಬೈಯಲಿಲ್ಲ, ಅಷ್ಟನ್ನು ಹೇಳಿದರು. ಅಂದಿನಿಂದ ಕಾರ್ಯಕ್ರಮಕ್ಕೆ ಹತ್ತು ನಿಮಿಷ ಮೊದಲು ಪ್ರತಿ ವಾರ್ಡಿಗೂ ಫೋನ್ ಮಾಡಿ ಚೀಟಿಯ ಹೆಸರುಗಳನ್ನು ಖಚಿತಪಡಿಸಿಕೊಳ್ಳುತ್ತೇನೆ.

ಕನ್ನಡದ ಹಾಡು ಯಾವತ್ತಾದರೂ ಹಾಕಿದ್ದೀರಾ?

ಒಮ್ಮೆ. ಮಗಳ ಬಾಣಂತನಕ್ಕೆ ಹುಬ್ಬಳ್ಳಿಯಿಂದ ಬಂದಿದ್ದ ಅಮ್ಮನೊಬ್ಬರು ಮಂಜಿನ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡು ನಮ್ಮ ಆಸ್ಪತ್ರೆಗೆ ಸೇರಿದ್ದರು. ನಾನು ಕನ್ನಡದಲ್ಲಿ ಮಾತಾಡಿಸಿದಾಗ ಅವರಿಗೆ ಮೊದಲು ನಂಬಿಕೆಯೇ ಬರಲಿಲ್ಲ, "ನೀ ಯಾವೂರಂವಪಾ?" ಎಂದು ಮೂರು ಸಲ ಕೇಳಿದರು. ಒಂದು ದಾಸರ ಪದ ಕೇಳಿದರು, ಹಾಕಿದೆವು. ಪಕ್ಕದ ಹಾಸಿಗೆಯ ಇಂಗ್ಲಿಷ್ ಅಜ್ಜಿ ಮುಂದಿನ ವಾರ ಅದೇ ಪದವನ್ನು ಮತ್ತೆ ಬೇಕೆಂದು ಚೀಟಿ ಬರೆಸಿದರು.

## ಇನ್ನೂ ಒಳಗಿನ ಪ್ರಶ್ನೆಗಳು

ರೋಗಿಗಳಿಗೆ ನಿಜಕ್ಕೂ ಉಪಯೋಗವಿದೆಯೋ, ಅಥವಾ ಇದು ನಿಮ್ಮ ಹವ್ಯಾಸವೋ?

ಎರಡೂ. ಎಪ್ಪತ್ತರ ದಶಕದಲ್ಲಿ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಬಂದವರು ದಿನಗಟ್ಟಲೆ ಇರುತ್ತಿದ್ದರು, ಈಗ ಅದೇ ಸಂಜೆ ಮನೆಗೆ ಹೋಗುತ್ತಾರೆ. ಆಗ ರೋಗಿಗೆ ಬೇರೆ ದಾರಿ ಇರಲಿಲ್ಲ, ಈಗ ಕೈಯಲ್ಲಿ ಮೊಬೈಲ್ ಇದೆ. ಆದ್ದರಿಂದ ಕೇಳುಗರ ಸಂಖ್ಯೆ ಕುಗ್ಗಿರುವುದು ಸಹಜ, ಎಷ್ಟೋ ಕೇಂದ್ರಗಳು ಮುಚ್ಚಿರುವುದೂ ಸಹಜ. ಖಾಲಿ ಹಾಸಿಗೆಗಳಿಗೆ ನಾಲ್ಕು ಗಂಟೆ ತಮಗಿಷ್ಟವಾದ ಹಾಡು ಹಾಕಿಕೊಂಡು ಕೂರುವ ಕೇಂದ್ರಗಳೂ ಇದ್ದವು, ಅವುಗಳ ಬಗ್ಗೆ ನನಗೆ ಮರುಕವಿಲ್ಲ. ಆದರೆ ಇಂದು ವಾರಗಟ್ಟಲೆ ಉಳಿಯುವವರು ಹೆಚ್ಚಾಗಿ ವಯಸ್ಸಾದವರು, ಮರೆವಿನ ಕಾಯಿಲೆಯವರು, ನೋಡಲು ಯಾರೂ ಬಾರದವರು. ಮೊಬೈಲ್ ಇರುವವರಿಗೆ ನಮ್ಮ ಅಗತ್ಯ ಕಡಿಮೆ; ಇಲ್ಲದವರಿಗೆ ಮೊದಲಿಗಿಂತ ಹೆಚ್ಚು.

ಜಿಮ್ಮಿ ಸ್ಯಾವಿಲ್‌ನಂಥವನೂ ಆಸ್ಪತ್ರೆಯ ಸ್ವಯಂಸೇವಕನೇ ಆಗಿದ್ದನಲ್ಲ?

ಆಗಿದ್ದ. ಬಿಬಿಸಿಯ ಪ್ರಸಿದ್ಧ ನಿರೂಪಕನಾಗಿದ್ದ ಅವನು ಲೀಡ್ಸ್, ಸ್ಟೋಕ್ ಮ್ಯಾಂಡವಿಲ್ ಮುಂತಾದ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ಸ್ವಯಂಸೇವಕನೆಂಬ ಹೆಸರಿನಲ್ಲಿ ಓಡಾಡಿಕೊಂಡು ರೋಗಿಗಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದು, 2011ರಲ್ಲಿ ಅವನು ಸತ್ತ ಮರುವರ್ಷ ಬಯಲಾಯಿತು. 2015ರಲ್ಲಿ ಬಂದ ಕೇಟ್ ಲ್ಯಾಂಪಾರ್ಡ್ ವರದಿ ಆಸ್ಪತ್ರೆಗಳ ಸ್ವಯಂಸೇವಕ ವ್ಯವಸ್ಥೆಯನ್ನೇ ಪರಿಶೀಲಿಸಿತು. ಈಗ ಪೊಲೀಸ್ ದಾಖಲೆಯ ಪರಿಶೀಲನೆ, ತರಬೇತಿ, ಇಬ್ಬಿಬ್ಬರಾಗಿ ವಾರ್ಡಿಗೆ ಹೋಗುವುದು, ಪರದೆ ಎಳೆದ ಹಾಸಿಗೆಯ ಬಳಿ ಹೋಗದಿರುವುದು ಇವೆಲ್ಲ ನಮ್ಮಲ್ಲಿ ಕಡ್ಡಾಯ. ಸೇರಲು ಮೂರು ತಿಂಗಳು ಹಿಡಿಯುತ್ತದೆಂದು ಗೊಣಗುವವರಿಗೆ ಈ ಪ್ರಶ್ನೆಯೇ ಉತ್ತರ.

ಕೋವಿಡ್ ಕಾಲದಲ್ಲಿ ಏನು ಮಾಡಿದಿರಿ?

2020ರ ಮಾರ್ಚಿನಲ್ಲಿ ಸ್ವಯಂಸೇವಕರಿಗೆ ಆಸ್ಪತ್ರೆಯ ಬಾಗಿಲು ಮುಚ್ಚಿತು. ಕಂಪ್ಯೂಟರಿಗೆ ಹಾಡುಗಳ ಸರದಿಯನ್ನು ಮನೆಯಿಂದಲೇ ತುಂಬಿದೆವು, ಮಾತನ್ನು ಬಟ್ಟೆಯ ಕಪಾಟಿನೊಳಗೆ ಕುಳಿತು ಧ್ವನಿಮುದ್ರಿಸಿದೆವು. ಕೋಟುಗಳ ನಡುವೆ ಪ್ರತಿಧ್ವನಿ ಬರುವುದಿಲ್ಲ. ಭೇಟಿಗೆ ಬರಲಾಗದ ಮನೆಯವರು ಕಳಿಸಿದ ಸಂದೇಶಗಳನ್ನು ಓದಿದೆವು. ಪ್ರಸಾರ ಒಂದು ದಿನವೂ ನಿಲ್ಲಲಿಲ್ಲ. ಆದರೂ ವಾರ್ಡಿಗೆ ಹೋಗದ ಆ ಕಾಲವನ್ನು ಆಸ್ಪತ್ರೆ ರೇಡಿಯೊ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಈ ಪದ್ಧತಿ ಬೇರೂರಲಿಲ್ಲವೇಕೆ?

ಕರ್ನಾಟಕದ ಆಸ್ಪತ್ರೆಯಲ್ಲಿ ರೋಗಿ ಒಬ್ಬರೇ ಇರುವುದು ಅಪರೂಪ. ಹಾಸಿಗೆಯ ಪಕ್ಕ ಚಾಪೆ ಹಾಸಿಕೊಂಡು ಮಗನೋ ಸೊಸೆಯೋ ಇರುತ್ತಾರೆ, ಬುತ್ತಿ ತರುವ ನೆಂಟರಿರುತ್ತಾರೆ, ಪಕ್ಕದ ಹಾಸಿಗೆಯವರ ಊರು, ಬೀಗರು, ಕಾಯಿಲೆ ಎಲ್ಲವೂ ಎರಡನೆಯ ದಿನಕ್ಕೆ ಗೊತ್ತಾಗಿರುತ್ತದೆ. ಇಲ್ಲಿ ಚೀಟಿ ಹಿಡಿದು ಅಪರಿಚಿತನೊಬ್ಬ ತುಂಬಬೇಕಾದ ಜಾಗವನ್ನು ಅಲ್ಲಿ ಮನೆಯವರು ಮೊದಲೇ ತುಂಬಿರುತ್ತಾರೆ. ಹಾಡಿಗೆ ತಲೆದಿಂಬಿನ ಬಳಿಯ ಟ್ರಾನ್ಸಿಸ್ಟರ್, ಅದರಲ್ಲಿ ಆಕಾಶವಾಣಿಯ ಕೋರಿಕೆ ಕಾರ್ಯಕ್ರಮ ಇತ್ತು. 2006ರ ಸಮುದಾಯ ರೇಡಿಯೊ ನೀತಿಯ ಪ್ರಕಾರ ಸ್ವಯಂಸೇವಾ ಸಂಸ್ಥೆಗಳೂ ಸಣ್ಣ ಎಫ್‌ಎಂ ಕೇಂದ್ರ ತೆರೆಯಬಹುದಾದ್ದರಿಂದ ಮನಸ್ಸು ಮಾಡಿದರೆ ಕಾನೂನಿನ ದಾರಿ ಮುಚ್ಚಿಲ್ಲ. ಆದರೆ ಮನೆಯವರು ಬೇರೆ ಊರುಗಳಲ್ಲಿ, ಬೇರೆ ದೇಶಗಳಲ್ಲಿ ನೆಲೆಸಿ, ಬೆಂಗಳೂರಿನಲ್ಲಿ ಒಂಟಿಯಾಗಿ ಆಸ್ಪತ್ರೆ ಸೇರುವ ಹಿರಿಯರನ್ನು ನೋಡಿದಾಗ ಈ ಉತ್ತರದ ಮೊದಲ ವಾಕ್ಯ ಇನ್ನೆಷ್ಟು ದಿನ ನಿಜವಾಗಿರುತ್ತದೋ ಎನಿಸುತ್ತದೆ. ಹಾಗೆ ನೋಡಿದರೆ ನಾನೇ ಅಂಥ ಮಗ.

ಹಳೆಯ ಕಾರ್ಯಕ್ರಮಗಳ ಧ್ವನಿಮುದ್ರಣ ಕೇಳಲು ಸಿಗುತ್ತದೆಯೇ?

ಬಹಳ ಕಡಿಮೆ. ಟೇಪು ದುಬಾರಿಯಾಗಿದ್ದರಿಂದ ಒಂದರ ಮೇಲೊಂದು ಅಳಿಸಿ ಮುದ್ರಿಸುತ್ತಿದ್ದರು. ಪರವಾನಗಿ ಇರುವ ಕೇಂದ್ರಗಳು ಪ್ರಸಾರವಾದದ್ದನ್ನು 42 ದಿನ ಇಟ್ಟುಕೊಳ್ಳಬೇಕೆಂಬ ನಿಯಮವಿದೆ, ಆದರೆ ನಲವತ್ತಮೂರನೆಯ ದಿನ ಅದೂ ಹೋಗುತ್ತದೆ. ನಮ್ಮಲ್ಲಿ ಉಳಿದಿರುವುದು ಕಾಗದ. ಸ್ಟುಡಿಯೊದ ಮೇಲಿನ ಅಟ್ಟಣಿಗೆಯಲ್ಲಿ ಎರಡು ಬಿಸ್ಕತ್ತಿನ ಡಬ್ಬಿಗಳ ತುಂಬ ಹಳೆಯ ಕೋರಿಕೆ ಚೀಟಿಗಳಿವೆ: ಕೆಲವು ಟೈಪ್ ಮಾಡಿದವು, ಹೆಚ್ಚಿನವು ಸೀಸದಕಡ್ಡಿಯಲ್ಲಿ ಅವಸರದಲ್ಲಿ ಬರೆದವು, ವಾರ್ಡಿನ ಸಂಖ್ಯೆಗೆ ಗೆರೆ ಎಳೆದವು. ಒಂದರಲ್ಲಿ ಹಾಡಿನ ಹೆಸರಿನ ಜಾಗ ಖಾಲಿಯಿದೆ, ಕೆಳಗೆ ಬೇರೆ ಕೈಬರಹದಲ್ಲಿ "ಹಾಡು ಬೇಡವಂತೆ, ನಾಳೆಯೂ ಮಾತಾಡಿಸಲು ಬರಬೇಕಂತೆ" ಎಂಬರ್ಥದ ಒಂದು ಸಾಲಿದೆ.